ಖಾದರ್ ಸಾಬರ ರಾಜಿ

ಕೋರ್ಟಿನಲ್ಲಿ ನಾನು ನಿಲ್ಲುತ್ತಿದ್ದ ಜಾಗದಲ್ಲಿ ಈಗ ನಿಲ್ಲುವ ಯುವಕ ಮೊನ್ನೆ ಮನೆಗೆ ಬಂದಿದ್ದ. ದುಭಾಷಿ ಕೆಲಸಕ್ಕೆ ಹೊಸದಾಗಿ ಸೇರಿದವನು. ಕನ್ನಡ, ತೆಲುಗು, ಸಾಬರ ಮಾತು, ಇಂಗ್ಲಿಷು ಎಲ್ಲವೂ ತನಗೆ ಬರುತ್ತವೆ, ಇನ್ನು ಈ ಕೆಲಸದಲ್ಲಿ ಕಷ್ಟವೇನಿದೆ ಎಂದು ಕೇಳಿದ. "ಬರದಿರೋ ಭಾಷಾದಿಂದ ಯಾರೂ ಕೆಡೋದಿಲ್ಲಪ, ಗೊತ್ತಿಲ್ಲ ಅಂತ ಕೇಳಿ ತಿಳ್ಕೊಂತೀವಿ. ಕೆಡೋದು ಬರೋ ಭಾಷಾದಿಂದ" ಎಂದೆ. ಮುದುಕ ತಮಾಷೆ ಮಾಡುತ್ತಾನೆ ಅಂದುಕೊಂಡು ನಕ್ಕು, ಕಾಫಿ ಕುಡಿದು ಹೋದ. ಅವನು ನಕ್ಕದ್ದು ನನಗೆ ಸರಿಬರಲಿಲ್ಲ. ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತಿದ್ದೇನೆ.

ನನಗೆ ಯಾವಾಗ ಬಡ್ತಿ ಬಂತು, ಯಾವ ದೊರೆ ಬೆನ್ನು ತಟ್ಟಿದ ಎಂಬುದನ್ನೆಲ್ಲ ಇಲ್ಲಿ ಹುಡುಕಬೇಡಿ. ನಾನು ರಾಯದುರ್ಗದ ನೇಕಾರರ ಮನೆಯವನು. ನಮ್ಮ ಓಣಿಗೆ ಬೆನ್ನು ಹಚ್ಚಿಕೊಂಡೇ ಸಾಬರ ಓಣಿ ಇತ್ತು, ಹಾಗಾಗಿ ಅವರ ಮಾತು ಆಟದಲ್ಲೇ ಬಂತು. ತಾಯಿಯ ತವರು ಮಡಕಶಿರದ ಕಡೆ, ಅಲ್ಲಿಯ ಕನ್ನಡ ಅವಳ ಬಾಯಿಂದ ಬಂತು. ತೆಲುಗನ್ನು ಈ ಸೀಮೆಯಲ್ಲಿ ಯಾರೂ ಕಲಿಯುವುದಿಲ್ಲ, ಅದು ತಾನಾಗಿ ಮೈಗೆ ಹತ್ತುತ್ತದೆ. ಆಗ ಮದರಾಸು ಸರ್ಕಾರ. ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮಡಕಶಿರ ಅನಂತಪುರದಲ್ಲಿ. ಎರಡೂ ಕಡೆ ದುಡಿದೆ. ಮ್ಯಾಜಿಸ್ಟ್ರೇಟರು ತಂಜಾವೂರಿನಿಂದಲೋ ಗೋದಾವರಿ ಕಡೆಯಿಂದಲೋ ಬರುತ್ತಿದ್ದರು, ನಮಗೆಲ್ಲ ಅವರೇ ದೊರೆ. ಸಾಕ್ಷಿ ಹೇಳುವವನು ಒಂದೇ ವಾಕ್ಯವನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದ. ಅದನ್ನು ಇಂಗ್ಲಿಷು ಮಾಡಿ ಹೇಳುವುದು ನನ್ನ ಕೆಲಸ. ಆಗ ದುಭಾಷಿಗೆ ಕುರ್ಚಿ ಇರಲಿಲ್ಲ, ಸಾಕ್ಷಿಯ ಕಟಕಟೆ ಪಕ್ಕದಲ್ಲಿ ನಿಂತೇ ಇರಬೇಕು.

ಮೊದಲು ಕಲಿಯಬೇಕಾದ ಪಾಠ ಒಂದಿದೆ. ಸಾಕ್ಷಿ "ನಾನು" ಎಂದರೆ ನೀನೂ "ನಾನು" ಎನ್ನಬೇಕು. "ಅವನು ಹೊಡೆದೆನೆಂದು ಹೇಳುತ್ತಾನೆ" ಎನ್ನುವಂತಿಲ್ಲ, "ನಾನು ಹೊಡೆದೆ" ಎಂದೇ ಹೇಳಬೇಕು. ಹಾಗಾಗಿ ಕಳ್ಳರ ಬಾಯಲ್ಲಿ ನಾನು ಕದ್ದಿದ್ದೇನೆ, ಕುಡುಕರ ಬಾಯಲ್ಲಿ ಕುಡಿದಿದ್ದೇನೆ, ಗಂಡ ಬಿಟ್ಟ ಹೆಂಗಸರ ಬಾಯಲ್ಲಿ ಅತ್ತಿದ್ದೇನೆ. ಸಂಜೆ ಮನೆಗೆ ಬಂದು ಕೈಕಾಲು ತೊಳೆದರೂ ಕೆಲವರ "ನಾನು" ಬಿಟ್ಟು ಹೋಗುವುದಿಲ್ಲ. ಇದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ.

ಇನ್ನು ಬರುವ ಭಾಷೆಯಿಂದ ಕೆಡುವುದು ಹೇಗೆಂದು ಹೇಳುತ್ತೇನೆ. ಮಡಕಶಿರದಲ್ಲಿ ನಾನು ಸೇರಿದ ಹೊಸದರಲ್ಲಿ ಗೋದಾವರಿ ಕಡೆಯ ಮ್ಯಾಜಿಸ್ಟ್ರೇಟರೊಬ್ಬರಿದ್ದರು. ತೆಲುಗು ಅವರ ಮನೆಮಾತು, ಕನ್ನಡವೂ ಅದರ ತಂಗಿಯೇ ತಾನೆ ಎಂದು ಅವರ ಎಣಿಕೆ. ಪಂಚೆ ಕಳವಿನ ಕೇಸಿನಲ್ಲಿ ರೊಳ್ಳದ ಕಡೆಯ ಆಳೊಬ್ಬನನ್ನು ಹಿಡಿದು ತಂದಿದ್ದರು. "ಈ ಪಂಚೆ ನಿನಗೆ ಹೇಗೆ ಬಂತು?" ಎಂದರೆ ಅವನು ಕೈಮುಗಿದು, "ಗೌಡ್ರು ಕೊಟ್ರು ಸ್ವಾಮಿ, ಹಬ್ಬದ ದಿನ ಎಲ್ರ ಎದ್ರಿಗೇ ಕೊಟ್ರು" ಅಂದ. ನಾನು ಬಾಯಿ ತೆರೆಯುವುದರೊಳಗೆ ದೊರೆಯವರ ಮುಖ ಕೆಂಪಾಯಿತು. ತೆಲುಗಿನಲ್ಲಿ ಕೊಟ್ಟಾರು ಎಂದರೆ ಹೊಡೆದರು ಎಂದು. ಬಡ ಆಳನ್ನು ಹಬ್ಬದ ದಿನ ಎಲ್ಲರೆದುರು ಹೊಡೆದ ಗೌಡ ಯಾರು, ಅವನ ಮೇಲೆ ಕೇಸು ಯಾಕೆ ಹಾಕಿಲ್ಲ ಎಂದು ಪೊಲೀಸಿನವನ ಮೇಲೆ ಎಗರಾಡಿದರು. ಪೊಲೀಸಿನವನು ಗಾಬರಿ ಬಿದ್ದು "ಹಾಕ್ತೀನಿ ಸ್ವಾಮಿ" ಎಂದುಬಿಟ್ಟ! ಪಂಚೆ ಕೊಟ್ಟ ಪುಣ್ಯಕ್ಕೆ ಆ ಗೌಡ ಕಟಕಟೆ ಹತ್ತುತ್ತಿದ್ದ. ಬಿಡಿಸಿ ಹೇಳಿದ ಮೇಲೆ ಎಲ್ಲರೂ ನಕ್ಕರು. ಆ ಸಲ ನಕ್ಕು ಮುಗಿಸುವಂಥದ್ದಾಗಿತ್ತು.

ಆಮೇಲೆ ರಾಯದುರ್ಗಕ್ಕೆ ಬಂದೆ. ಅಲ್ಲಿದ್ದವರು ತಂಜಾವೂರಿನವರು, ಸಣಕಲು ಆಸಾಮಿ, ಹಣೆಯ ಮೇಲೆ ಗಂಧ, ಮೇಜಿನ ಮೇಲೆ ವೀಳ್ಯದ ಡಬ್ಬಿ. ಡಿ. ಹಿರೇಹಾಳಿನ ಹೆಂಗಸೊಬ್ಬಳು ಬದುವಿನ ಜಗಳದ ಕೇಸಿನಲ್ಲಿ ಸೋತು, "ನಿನ್ನ ಬಾಯಾಗ ಮಣ್ಣು ಬೀಳ್ಲಿ, ನಿನ್ನ ಪೆನ್ನು ಮುರೀಲಿ, ನಿನಗ ಉಣ್ಣಾಕ ಎಲಿ ಸಿಗದಂಗಾಗ್ಲಿ" ಎಂದು ದೊರೆಯ ಮುಖಕ್ಕೇ ಶಪಿಸಿದಳು. ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಗುಮಾಸ್ತ ಕಣ್ಣು ಮುಚ್ಚಿಕೊಂಡ. ದೊರೆಯವರು ಅಷ್ಟನ್ನೂ ಬರೆದುಕೊಂಡು, "ಏನಾದರೂ ಬಿಟ್ಟೆಯಾ?" ಎಂದು ಕೇಳಿದರು. ಇಲ್ಲವೆಂದೆ. "ಹೊಲ ಹೋದವಳು ಇಷ್ಟೂ ಅನ್ನದಿದ್ದರೆ ಹೇಗೆ" ಎಂದು ವೀಳ್ಯ ಬಾಯಿಗೆ ಹಾಕಿಕೊಂಡರು. ಅಂಥ ಮನುಷ್ಯ. ಅವರಲ್ಲಿ ನನಗಾಗದ ಒಂದು ಚಾಳಿ ಇತ್ತು. ಹಾಜರಿ, ಜಾಮೀನು, ರಾಜಿ ಇಂಥ ಮಾತುಗಳು ಅವರ ತಮಿಳು ಕೋರ್ಟುಗಳಲ್ಲೂ ನಡೆಯುತ್ತವೆ. ಇವು ಕಿವಿಗೆ ಬಿದ್ದವೆಂದರೆ ನನಗಾಗಿ ಕಾಯುತ್ತಿರಲಿಲ್ಲ, ಪೆನ್ನು ಓಡುತ್ತಿತ್ತು.

ಖಾದರ್ ಸಾಬರ ಕೇಸು ಬಂದದ್ದು ಇವರ ಎದುರಿಗೆ.

ಖಾದರ್ ಸಾಬರು ಗುಮ್ಮಘಟ್ಟದ ಆಚೆಯ ಒಂದು ಹಳ್ಳಿಯವರು. ಊರ ಹೆಸರು ಬೇಡ. ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ತಲೆತಲಾಂತರದ ಕೆಲಸ. ಪಾತ್ರೆಯೊಳಗೆ ಕಾಲಿಟ್ಟು ಮರಳಿನಲ್ಲಿ ತಿಕ್ಕಿದ ಮೇಲೆ, ನೆಲದಲ್ಲಿ ಕುಳಿ ತೋಡಿ ಇದ್ದಿಲು ಹಾಕಿ, ಹೆಂಡತಿ ಖಾಸಿಂಬಿ ತಿದಿ ಒತ್ತುತ್ತಿದ್ದರೆ ಇವರು ಪಾತ್ರೆ ಕಾಯಿಸಿ, ನವಸಾಗರ ಎರಚಿ, ತವರ ಸವರಿ, ಅರಳೆಯಲ್ಲಿ ಒರೆಸುತ್ತಿದ್ದರು. ಬಿಳಿ ಹೊಗೆ ಏಳುತ್ತಿತ್ತು, ಒಳಗೆಲ್ಲ ಬೆಳ್ಳಿಯಂತೆ ಆಗುತ್ತಿತ್ತು. ಪಾತ್ರೆಯ ಒಡೆಯರು ಬಗ್ಗಿ ನೋಡಬೇಕು, ತಮ್ಮ ಮುಖ ಕಂಡರೆ ಕಲಾಯಿ ಸರಿಯಾಗಿದೆ ಎಂದರ್ಥ. ಊರಲ್ಲಿ ಮುಸಲ್ಮಾನರ ಮನೆ ಮೂರೇ. ಊರವರೆಲ್ಲ ಇವರನ್ನು ಕಾಕಾ ಎನ್ನುತ್ತಿದ್ದರು. ಗಂಗಮ್ಮ ಎಂಬ ಮುದುಕಿ ಮಾತ್ರ ತಮ್ಮಾ ಎನ್ನುತ್ತಿದ್ದಳು. ಕುಳಿ ತೋಡಿದ ದಿನ ಅವಳ ಮನೆಯಿಂದ ಮಜ್ಜಿಗೆ ಬರುತ್ತಿತ್ತು.

ಆ ವರ್ಷ ಹೊರಗಿನಿಂದ ಯಾರೋ ಬಂದು ಸಂತೆಗಳಲ್ಲಿ ಭಾಷಣ ಮಾಡಿದರು. ತುರುಕರ ಕೈನೀರು ಮುಟ್ಟಬೇಡಿ, ತುರುಕರು ಕಾಲಿಟ್ಟು ತಿಕ್ಕಿದ ಪಾತ್ರೆಯಲ್ಲಿ ದೇವರ ಊಟ ಮಾಡುತ್ತೀರಲ್ಲ, ನಾಚಿಕೆಯಾಗುವುದಿಲ್ಲವೆ ಎಂದರು. ಮಾತಾಡಿದವರು ಬಸ್ಸು ಹತ್ತಿ ಹೋದರು. ಮಾತು ಇಲ್ಲೇ ಉಳಿಯಿತು. ಊರ ಊಟಕ್ಕೆಂದು ಗುಡಿಯಲ್ಲಿ ಒಂದು ದೊಡ್ಡ ತಾಮ್ರದ ಕೊಪ್ಪರಿಗೆ ಇತ್ತು. ಪ್ರತಿವರ್ಷ ಮಾರೆಮ್ಮನ ಊಟಕ್ಕೆ ಮುಂಚೆ ಖಾದರ್ ಸಾಬರು ಅದಕ್ಕೆ ಕಲಾಯಿ ಹಾಕುತ್ತಿದ್ದರು. ಆ ವರ್ಷ ಗುಡಿಯ ಕಟ್ಟೆಯ ಮೇಲೆ ಕೂತವರು, ಈ ಸಲ ಸಾಬನ ಕೈಲಿ ಬೇಡ ಎಂದರು. ಖಾದರ್ ಸಾಬರು ಹೋಗಿ ಕೊಪ್ಪರಿಗೆಯೊಳಗೆ ಇಣುಕಿ, "ತಾಮ್ರ ಕೆಂಪಗ ಎದ್ದೈತ್ರಿ. ನನ್ನ ಕೈಲಿ ಬ್ಯಾಡಾದ್ರ ಬಿಡ್ರಿ, ಬ್ಯಾರೆ ಯಾರಿಂದಾರ ಹಾಕಿಸ್ರಿ. ಹಾಕಿಸೋತನ ಇದ್ರಾಗ ಹುಣಸೆಹುಳಿ ಕುದಿಸಬ್ಯಾಡ್ರಿ" ಎಂದು ಹೇಳಿ ಬಂದರು.

ಯಾರೂ ಹಾಕಿಸಲಿಲ್ಲ. ಹುಳಿ ಸಾರು ಕುದಿಯಿತು, ಉಳಿದದ್ದು ಅದರಲ್ಲೇ ತಣ್ಣಗಾಯಿತು, ಮಾರನೆಯ ದಿನ ಅದನ್ನೇ ಬಿಸಿಮಾಡಿ ಉಂಡರು. ಕಲಾಯಿ ಹೋದ ತಾಮ್ರದಲ್ಲಿ ಹುಳಿ ನಿಂತರೆ ಕಿಲುಬೇಳುತ್ತದೆಂದು ತಿಳಿಯದ ಮನೆ ಈ ಸೀಮೆಯಲ್ಲಿಲ್ಲ. ಆದರೂ ಊರಿಗೆ ಊರೇ ವಾಂತಿ ಮಾಡಿಕೊಂಡು ಬಿದ್ದಾಗ ಯಾರ ಬಾಯಲ್ಲೂ ಕಿಲುಬು ಎಂಬ ಮಾತು ಬರಲಿಲ್ಲ, ವಿಷ ಎಂಬ ಮಾತು ಬಂತು. ಗಂಗಮ್ಮ ಸತ್ತಳು. ಆಗ, ಸಾಬ ವಿಷ ಹಾಕಿದ್ದಾನೆ ಎಂದರು. ಗಂಗಮ್ಮನ ಮಗ ತಿಪ್ಪೇಸ್ವಾಮಿ, ಅವನ ಹಿಂದೆ ಒಂದು ಗುಂಪು, ಹಾಡುಹಗಲೇ ಬಂದು ಮೂರು ಮನೆಗಳ ಬಾಗಿಲು ಒಡೆದರು. ಚಪ್ಪರಗಳಿಗೆ ಬೆಂಕಿ ಇಟ್ಟರು. ಖಾದರ್ ಸಾಬರು ಯಾರದೋ ಬಿಂದಿಗೆ ಕಾಯಿಸುತ್ತಿದ್ದರು. ಅವರ ಬಲಗೈಯನ್ನು ಅವರದೇ ಕುಳಿಯ ಕೆಂಡದಲ್ಲಿ ಒತ್ತಿ ಹಿಡಿದರು. ಒತ್ತಿದವನು ತಿಪ್ಪೇಸ್ವಾಮಿ. ಸಣ್ಣವನಿದ್ದಾಗ ಅದೇ ಕುಳಿಯ ಪಕ್ಕ ಕೂತು ತಿದಿ ಒತ್ತಲು ಕೊಡು ಕಾಕಾ ಎಂದು ಹಟ ಮಾಡುತ್ತಿದ್ದವನು.

ಮನೆ ಸುಟ್ಟದ್ದು ಮೇಲಿನ ಕೋರ್ಟಿಗೆ ಹೋಗಬೇಕಾದ ದೊಡ್ಡ ಕೇಸು. ಸಾಕ್ಷಿ ಇಲ್ಲವೆಂದು ಅದನ್ನು ಪೊಲೀಸರು ಮುಚ್ಚಿದರು. ಕೈ ಸುಟ್ಟದ್ದನ್ನು ಹಗುರವಾದ ಕಲಮಿನಡಿ ಹಾಕಿ ನಮ್ಮ ಕೋರ್ಟಿಗೆ ಕಳಿಸಿದರು. ಆ ಕಲಮಿಗೆ ಮ್ಯಾಜಿಸ್ಟ್ರೇಟರ ಅನುಮತಿ ಇದ್ದರೆ ರಾಜಿ ಆಗಬಹುದು. ಇದೆಲ್ಲ ಹೇಗೆ ಹೊಂದಿಸಿದ ಲೆಕ್ಕವೆಂದು ಹೊಸಬರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕೆಲಸಕ್ಕೆ ಸೇರಿದ ವರ್ಷದೊಳಗೆ ತಾನೇ ತಿಳಿಯುತ್ತದೆ.

ವಿಚಾರಣೆ ಶುರುವಾಯಿತು. ಡಫೇದಾರ ಹೆಸರು ಕೂಗುತ್ತಿದ್ದ, ಊರವರು ಬಂದು ಪ್ರಮಾಣ ಮಾಡುತ್ತಿದ್ದರು. "ಅವತ್ತ ನಾ ಊರಾಗ ಇರ್ಲಿಲ್ರಿ." "ನಾ ಕುರಿ ಕಾಯಾಕ ಹೋಗಿದ್ನಿರಿ." "ನನಗ ಕಣ್ಣು ಅಷ್ಟ ಕಾಣಂಗಿಲ್ರಿ." ಒಬ್ಬೊಬ್ಬರ ಪರವಾಗಿಯೂ ನಾನು ಊರಲ್ಲಿರಲಿಲ್ಲ, ನಾನು ಕುರಿ ಕಾಯುತ್ತಿದ್ದೆ, ನನಗೆ ಕಣ್ಣು ಕಾಣುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಹೇಳಿ ನನ್ನ ನಾಲಿಗೆ ಕಹಿಯಾಯಿತು. ಹಾಗಾದರೆ ಆ ದಿನ ಊರಲ್ಲಿದ್ದವರು ಯಾರು? ಕೊಪ್ಪರಿಗೆಗೆ ಕಲಾಯಿ ಹಾಕಿದ್ದು ಯಾರು ಎಂದು ಕೇಳಿದರೆ ಎಲ್ಲರೂ ನೆಲ ನೋಡುತ್ತಿದ್ದರು. ಹಾಕಿರಲಿಲ್ಲ ಎಂದು ಒಬ್ಬ ಹೇಳಿದರೂ ಸಾಕಿತ್ತು. ಹೇಳಿದರೆ ಗಂಗಮ್ಮನನ್ನು ಕೊಂದದ್ದು ತಮ್ಮ ಕಟ್ಟೆಯ ಮಾತೇ ಎಂದು ಒಪ್ಪಿದ ಹಾಗೆ. ಅದು ಅವರಿಗೆ ಗೊತ್ತಿತ್ತು.

ಈ ನಡುವೆ ಊರ ಹಿರಿಯರು ರಾಯದುರ್ಗಕ್ಕೆ ಬಂದು, ನೆಂಟರ ಮನೆಯ ಜಗಲಿಯ ಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಖಾದರ್ ಸಾಬರನ್ನು ಕಂಡರು. ಆದದ್ದಾಯಿತು, ತಾಯಿ ಸತ್ತ ಸಂಕಟದಲ್ಲಿ ಹುಡುಗ ಮಾಡಿದ, ಮಾಫ್ ಮಾಡು ಎಂದರು. ಅವರು ಮಾಡಿದರು. ನಿಜವಾಗಿಯೇ ಮಾಡಿದರು. ಅದರಲ್ಲಿ ನನಗೆ ಅಂದೂ ಅನುಮಾನ ಇರಲಿಲ್ಲ, ಇಂದೂ ಇಲ್ಲ. ಹಿರಿಯರು ಅದನ್ನು ಗಂಟು ಕಟ್ಟಿಕೊಂಡು ನೇರ ವಕೀಲರ ಹತ್ತಿರ ಒಯ್ದರು.

ಮುಂದಿನ ವಾಯಿದೆಯಲ್ಲಿ ಖಾದರ್ ಸಾಬರು ಕಟಕಟೆ ಹತ್ತಿದರು. ಎಡಗೈ ಎತ್ತಿ ಪ್ರಮಾಣ ಮಾಡುವುದು ಸರಿಯೇ ಎಂದು ಅವರಿಗೆ ಸಂಕೋಚ. ಬಲಗೈ ಎತ್ತಲು ಬರುತ್ತಿರಲಿಲ್ಲ. ದೊರೆಯವರು ಹಾಗೇ ಆಗಲಿ ಎಂದರು. ಆರೋಪಿಯ ವಕೀಲರು ಎದ್ದು ಬಹಳ ಮೆತ್ತಗೆ ಕೇಳಿದರು. "ಖಾದರ್ ಸಾಬ್ರೇ, ತಿಪ್ಪೇಸ್ವಾಮಿ ಮ್ಯಾಲೆ ನಿಮಗ ಸಿಟ್ಟು ಐತೇನ್ರಿ?"

"ಇಲ್ರಿ. ತಾಯಿ ಸತ್ತಿದ್ಲು ಅವ್ನಿಗೆ. ಗಂಗಕ್ಕ ನನಗೂ ಅಕ್ಕನ ಹಂಗ ಇದ್ಲು. ನಾ ಮಾಫ್ ಮಾಡೀನ್ರಿ."

"ಅಂದ್ರ ನೀವು ರಾಜಿ ಇದ್ದೀರಿ?"

ಖಾದರ್ ಸಾಬರು ಕಣ್ಣು ಮೇಲೆತ್ತಿ ಒಮ್ಮೆ ಸೂರು ನೋಡಿದರು. "ರಾಜಿ ಇದೀನ್ರಿ. ಪೂರಾ ರಾಜಿ ಇದೀನಿ."

ವಕೀಲರು ಕೂತರು. ಹಿಂದೆ ನಿಂತಿದ್ದ ಹಿರಿಯರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಬಾಯಿ ತೆರೆಯುವ ಮೊದಲೇ ದೊರೆಯವರ ಪೆನ್ನು ಕಾಗದ ಮುಟ್ಟಿತ್ತು. ಆಗ ಹೊರಗಿನ ವರಾಂಡದಿಂದ ಒಂದು ಹೆಣ್ಣುದನಿ ಬಂತು.

"ಬರೀಬ್ಯಾಡ್ರಿ ಸಾಹೇಬ್ರೇ! ಅವ್ರ ರಾಜಿ ನಿಮ್ಮ ರಾಜಿ ಅಲ್ರಿ ಅದು!"

ಖಾಸಿಂಬಿ. ಬುರುಖಾ ಹೊದ್ದು, ಕಂಬದ ಮರೆಯಲ್ಲಿ ಕೂತಿದ್ದವಳು ಎದ್ದು ಬಾಗಿಲವರೆಗೆ ಬಂದಿದ್ದಳು. ಡಫೇದಾರ ಓಡಿದ. ಈಕೆ ಸಾಕ್ಷಿಯಲ್ಲ, ಮಾತಾಡುವ ಹಕ್ಕಿಲ್ಲ ಎಂದು ವಕೀಲರು ಕೂಗಿದರು. ಅವಳು ಡಫೇದಾರನ ಕೈ ಕೊಡವಿ ಇನ್ನೊಂದೇ ಮಾತು ಹೇಳಿದಳು. "ಅವ್ರು ದೇವ್ರಿಗೆ ಹೇಳಾಕ್ಹತ್ಯಾರ, ನೀವು ಕೇಸಿಗೆ ಬರ್ಕೊಳ್ಳಾಕ್ಹತ್ತೀರಿ!"

ದೊರೆಯವರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಏನಿದು ಎಂದರು. ಇದ್ದದ್ದನ್ನು ಹೇಳಿದೆ. ಕೋರ್ಟಿನಲ್ಲಿ ರಾಜಿ ಎಂದರೆ ಕೇಸು ಬಿಟ್ಟು ಒಂದಾಗುವುದು. ಸಾಬರ ಮನೆಗಳಲ್ಲಿ ರಾಜಿ ಎಂದರೆ ಒಪ್ಪಿಗೆ. ಮಗು ಸತ್ತರೂ ದೇವರ ಇಚ್ಛೆಗೆ ರಾಜಿ ಇದ್ದೇವೆ ಎನ್ನುತ್ತಾರೆ, ಮಳೆ ಬಾರದಿದ್ದರೂ ಎನ್ನುತ್ತಾರೆ. ಈ ಮನುಷ್ಯ ಎರಡರಲ್ಲಿ ಯಾವುದನ್ನು ಹೇಳಿದನೆಂದು ನಾನು ಹೇಳಲಾರೆ, ಅವನನ್ನೇ ಕೇಳಬೇಕು. ವಕೀಲರು ಕುದ್ದುಹೋದರು. ದೊರೆಯವರು, "ಕೇಳು. ಆ ಮಾತನ್ನು ಬಳಸದೆ ಕೇಳು" ಎಂದರು. ಬರೆಯಹೊರಟಿದ್ದ ಗೆರೆಯನ್ನು ತಾವೇ ಹೊಡೆದು ಹಾಕಿದರು. ಅಷ್ಟು ಮಾಡಲು ದೊಡ್ಡ ಮನಸ್ಸು ಬೇಕು, ಅದಕ್ಕೇ ಅವರ ವಿಷಯ ಇಷ್ಟು ಬರೆದೆ.

ನಾನು ಕೇಳಿದೆ, "ಸಾಬ್ರೇ, ಈ ಕೇಸು ಇಲ್ಲಿಗೇ ಬಿಡ್ಬೇಕೇನ್ರಿ, ನಡೀಬೇಕೇನ್ರಿ?"

ಅವರಿಗೆ ಗೊಂದಲವಾದದ್ದು ಮುಖದಲ್ಲೇ ಕಂಡಿತು. ಮಾಫ್ ಮಾಡಿದ ಮೇಲೂ ಇಂಥದ್ದೊಂದು ಪ್ರಶ್ನೆ ಉಳಿದಿರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಧಾನವಾಗಿ ಹೇಳಿದರು.

"ಕೈ ಅಂದ್ರ ನಂದು. ಅದನ್ನ ಮಾಫ್ ಮಾಡೀನಿ, ಮತ್ತ ಕೇಳಂಗಿಲ್ಲ. ವಿಷ ಹಾಕ್ಯಾನ ಅಂದ್ರಲ್ರಿ, ಅದು ನನ್ನೊಬ್ಬಂದಲ್ಲ. ನಮ್ಮಪ್ಪಂದು, ಅವ್ರಪ್ಪಂದು, ಕಲಾಯಿ ಹಾಕೋ ಎಲ್ಲರ್ದೂ ಐತಿ. ಊರ್ನಾಗಿರೋ ನಮ್ಮೋರ ಇನ್ನೆರಡು ಮನಿಯವ್ರದೂ ಐತಿ. ಅದನ್ನ ಬಿಡಾಕ ನನಗ ಹಕ್ಕಿಲ್ರಿ. ಇವತ್ತ ನಾ ಬಿಟ್ರ ನಾಳೆ ಅಂತಾರ, ವಿಷ ಹಾಕಿದ್ದ, ಅದಕ್ಕ ಬಿಟ್ಟ ಅಂತ. ಹಾಕಿಲ್ಲ ಅಂತ ಒಬ್ರು ಹೇಳ್ಲಿ. ಆಮ್ಯಾಲ ಅವ್ನಿಗೆ ಶಿಕ್ಷಾ ಕೊಡ್ರಿ, ಬಿಡ್ರಿ, ನಿಮ್ಮಿಚ್ಛಾ."

ಇದನ್ನು ನಾನು ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ನನ್ನ ಕೈ, ನನ್ನ ಅಪ್ಪ, ನನಗೆ ಹಕ್ಕಿಲ್ಲ. ಒಂದೊಂದೇ ಮಾತಾಗಿ ಹೇಳಿದೆ. ದೊರೆಯವರು ಅವಸರ ಮಾಡಲಿಲ್ಲ. ಮುಗಿಸಿದ ಮೇಲೆ ರಾಜಿಗೆ ಅನುಮತಿ ಇಲ್ಲ ಎಂದು ಬರೆದರು.

ಆರೋಪಿಯನ್ನು ಪ್ರಮಾಣ ಮಾಡಿಸದೆ ಪ್ರಶ್ನೆ ಕೇಳುವ ಪದ್ಧತಿ ಇದೆ. ಉತ್ತರ ಕೊಡಲೇಬೇಕೆಂದಿಲ್ಲ. ಅನುಭವ ಇರುವ ವಕೀಲರು "ನನಗೇನೂ ಗೊತ್ತಿಲ್ಲ" ಎಂದು ಮೊದಲೇ ಬಾಯಿಪಾಠ ಮಾಡಿಸಿರುತ್ತಾರೆ. ರಾಜಿ ಆಗಿಯೇ ಬಿಡುತ್ತದೆಂಬ ಧೈರ್ಯದಲ್ಲಿ ತಿಪ್ಪೇಸ್ವಾಮಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅವನಿಗೆ ಇಪ್ಪತ್ತೈದರ ಆಸುಪಾಸು, ತಾಯಿ ಸತ್ತಾಗ ಬೋಳಿಸಿದ ತಲೆಯಲ್ಲಿ ಕೂದಲು ಇನ್ನೂ ಸರಿಯಾಗಿ ಬೆಳೆದಿರಲಿಲ್ಲ. ಖಾದರ್ ಸಾಬರು ಗಂಗಕ್ಕ ಎಂದಾಗಿನಿಂದ ಅವನು ತಲೆ ಎತ್ತಿರಲಿಲ್ಲ.

"ಊರ ಕೊಪ್ಪರಿಗೆಗೆ ಈ ವರ್ಷ ಕಲಾಯಿ ಹಾಕಿದ್ದು ಯಾರು?"

ನಾನು ಕನ್ನಡದಲ್ಲಿ ಕೇಳಿದೆ. ಅವನು ವಕೀಲರ ಕಡೆ ನೋಡಲಿಲ್ಲ, ಹಿರಿಯರ ಕಡೆಯೂ ನೋಡಲಿಲ್ಲ. "ಹಾಕಿರ್ಲಿಲ್ರಿ" ಅಂದ.

"ಯಾಕೆ?"

"ಸಾಬನ ಕೈಲಿ ಬ್ಯಾಡ ಅಂದ್ರು."

"ಯಾರು ಅಂದರು?"

ವಕೀಲರು ಏಳಲು ಹೋಗಿ ಮತ್ತೆ ಕೂತರು.

"ನಾನ ಅಂದಿದ್ನಿರಿ. ಕಟ್ಟಿಮ್ಯಾಲ ಎಲ್ಲಾರ್ಕಿಂತ ಮೊದ್ಲು ನಾನ ಅಂದಿದ್ದು. ಹುಳಿ ಕುದಿಸಬ್ಯಾಡ ಅಂತ ಕಾಕಾ ಹೇಳಿದ್ದ. ಅವ್ವ ಹೇಳಿದ್ಲು, ಯಾಕಲೇ ತಮ್ಮನ ಕೈಲ್ಯಾಕ ಬ್ಯಾಡ, ದಿನಾ ಅವ ಹಾಕಿದ್ರಾಗ ಉಂಡಿಲ್ಲೇನು ಅಂತ. ನಾನ ಕೇಳ್ಲಿಲ್ಲ."

ಇಷ್ಟು ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ತಿಳಿಯಿತು ಅಂತ ಕಾಣುತ್ತದೆ. ಕಟಕಟೆಯ ಕಂಬಿ ಹಿಡಿದುಕೊಂಡು ಕೂತೇಬಿಟ್ಟ. ಅವ್ವಾ ಎಂದ. ಅದನ್ನು ನಾನು ಇಂಗ್ಲಿಷು ಮಾಡಲಿಲ್ಲ, ದೊರೆಯವರೂ ಕೇಳಲಿಲ್ಲ. "ನಾನೇ ಅಂದದ್ದು" ಎಂಬುದನ್ನು ಮಾತ್ರ ನಾನು ಗಟ್ಟಿಯಾಗಿ ಹೇಳಿದೆ. ಇಷ್ಟು ವರ್ಷ ಬೇರೆಯವರಿಗಾಗಿ ಹೇಳಿದ "ನಾನು"ಗಳಲ್ಲಿ ಅದರಷ್ಟು ಭಾರವಾದದ್ದು ಇನ್ನೊಂದಿಲ್ಲ.

ಶಿಕ್ಷೆ ಕೆಲವು ತಿಂಗಳಷ್ಟೇ ಆಯಿತು. ಉಳಿದವರು ಸಾಕ್ಷಿಯಿಲ್ಲದೆ ಬಿಡುಗಡೆಯಾದರು. ಸುಟ್ಟ ಮನೆಗಳಿಗೆ ಯಾರೂ ಉತ್ತರ ಹೇಳಲಿಲ್ಲ, ಸಂತೆಯಲ್ಲಿ ಭಾಷಣ ಮಾಡಿದವರ ಹೆಸರನ್ನು ಯಾರೂ ಕೇಳಲಿಲ್ಲ. ಇದನ್ನು ನ್ಯಾಯವೆಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಲು ನಾನು ತಯಾರಿಲ್ಲ. ಆ ದಿನ ಕೋರ್ಟಿನಿಂದ ಹೊರಗೆ ಬಂದಾಗ ನನಗೆ ಸಂಕಟವೇ ಹೆಚ್ಚಾಗಿತ್ತು. ತೀರ್ಪಿನಲ್ಲಿ ಮಾತ್ರ ದೊರೆಯವರು, ಈ ಮನುಷ್ಯ ವಿಷ ಹಾಕಿಲ್ಲ, ಹುಳಿ ಕುದಿಸಬೇಡಿರೆಂದು ಎಚ್ಚರಿಸಿದವನು ಇವನೇ ಎಂದು ಬರೆದು, ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳು ಎಂದು ನನಗೆ ಅಪ್ಪಣೆ ಮಾಡಿದರು. ಓದಿದೆ. ಹಿರಿಯರು ಅಷ್ಟರಲ್ಲೇ ಎದ್ದು ಹೋಗಿದ್ದರು, ಖಾಲಿ ಬೆಂಚಿಗೆ ಓದಿದೆ. ಖಾದರ್ ಸಾಬರು ನಿಂತು ಕೇಳಿದರು.

ಅವರು ಆ ಊರಿಗೆ ಮರಳಲಿಲ್ಲ. ರಾಯದುರ್ಗದಲ್ಲೇ ಕೋಟೆ ಬೆಟ್ಟದ ಬುಡದ ಓಣಿಯಲ್ಲಿ ಕುಳಿ ತೋಡಿದರು. ಅಲ್ಲಿಂದ ಮುಂದೆ ತವರ ಸವರಿದವಳು ಖಾಸಿಂಬಿ, ಎಡಗೈಯಲ್ಲಿ ತಿದಿ ಒತ್ತಿದವರು ಇವರು. ಸೆರೆಮನೆಯಿಂದ ಬಂದ ತಿಪ್ಪೇಸ್ವಾಮಿ ಕಾಲಿಗೆ ಬೀಳಲು ಹೋದನಂತೆ. ಅವರೇ ನನಗೆ ಹೇಳಿದ್ದು ಇದು. "ನನ್ನ ಕಾಲಿಗೆ ಬ್ಯಾಡಪ. ನಾ ಅವತ್ತ ಮಾಫ್ ಮಾಡಿದ್ದು ಖರೇನ. ನಿಂಗ ಹೇಳಬೇಕು ಅನಿಸಿದ್ರ ಊರ ಊಟದ ದಿನ ಎಲಿ ಹಾಕಿದ ಮ್ಯಾಲ ಎದ್ದು ನಿಂತು ಹೇಳು" ಎಂದರಂತೆ. ಅವನು ಹೇಳಿದ. ಕಾಕಾ ವಿಷ ಹಾಕಿರಲಿಲ್ಲ, ನಾವೇ ಕುದಿಸಿ ಉಂಡೆವು ಎಂದ. ಕೆಲವರು ಎಲೆ ಬಿಟ್ಟು ಎದ್ದು ಹೋದರಂತೆ. ಆಮೇಲೆ ಪ್ರತಿವರ್ಷ ಊಟಕ್ಕೆ ಮುಂಚೆ ಅವನೇ ಕೊಪ್ಪರಿಗೆಯನ್ನು ಗಾಡಿಯಲ್ಲಿ ಹೇರಿಕೊಂಡು ರಾಯದುರ್ಗಕ್ಕೆ ತರತೊಡಗಿದ. ದಾರಿಯಲ್ಲಿ ಬೇರೆ ಕಲಾಯಿಯವರೂ ಇದ್ದರು.

ನಾನು ಮಡಕಶಿರಕ್ಕೆ ಹೋದೆ, ಯುದ್ಧ ಬಂದು ಹೋಯಿತು, ಬಿಳಿಯರೂ ಹೋದರು. ಕೋರ್ಟಿಗೆ ಟೈಪು ಯಂತ್ರ ಬಂತು, ಕನ್ನಡ ಬಲ್ಲ ಮ್ಯಾಜಿಸ್ಟ್ರೇಟರೂ ಬಂದರು. ದುಭಾಷಿಗೆ ಕೊನೆಗೆ ಒಂದು ಸ್ಟೂಲು ಬಂತು, ನನಗೆ ಪೆನ್ಷನ್ ಆಗುವ ಹೊತ್ತಿಗೆ.

ಹೋದ ವರ್ಷ ನಮ್ಮ ಮನೆಯಾಕೆ ಒಂದು ಹಿತ್ತಾಳೆ ಪಾತ್ರೆ ಕೊಟ್ಟು ಕಲಾಯಿ ಹಾಕಿಸಿಕೊಂಡು ಬಾ ಎಂದಳು. ಅಲ್ಯುಮಿನಿಯಮ್ ಬಂದಮೇಲೆ ಆ ಕೆಲಸದವರು ಕಡಿಮೆಯಾಗಿದ್ದಾರೆ. ಪೆನ್ಷನ್ ಆದಮೇಲೆ ನಾನಿರುವುದು ರಾಯದುರ್ಗದಲ್ಲೇ, ಹುಡುಕುತ್ತ ಕೋಟೆ ಬೆಟ್ಟದ ಬುಡದ ಅದೇ ಓಣಿಗೆ ಹೋದೆ. ಖಾದರ್ ಸಾಬರು ತೀರಿಕೊಂಡು ಬಹಳ ಕಾಲವಾಗಿದೆ. ಕುಳಿಯ ಮುಂದೆ ಖಾಸಿಂಬಿ ಕೂತಿದ್ದಳು, ರೆಪ್ಪೆಗಳೂ ಬೆಳ್ಳಗಾಗಿವೆ. ದೂರದಲ್ಲಿ ಬೇವಿನ ಮರದ ಕೆಳಗೆ ಒಂದು ಗಾಡಿ, ಅದರ ನೊಗದ ಮೇಲೆ ಒಬ್ಬ ನರೆತ ತಲೆಯವನು. ಗುರುತು ಹಿಡಿಯಲು ಹೊತ್ತು ಬೇಕಾಯಿತು. ತಿಪ್ಪೇಸ್ವಾಮಿ.

ಕೊಪ್ಪರಿಗೆ ಮುಗಿದಿತ್ತು. "ಎತ್ತಿಕೋ" ಅಂದಳು ಖಾಸಿಂಬಿ, ಅವನ ಕಡೆ ನೋಡದೆ. ಅವನು ಬಂದು ಎತ್ತಿದ. ಎಲ್ಲರೂ ಒಳಗೆ ಬಗ್ಗಿ ಮುಖ ಕಾಣುತ್ತದೋ ಇಲ್ಲವೋ ನೋಡುತ್ತಾರೆ. ಅವನು ನೋಡಲಿಲ್ಲ. ಬೋರಲು ಹಾಕಿ ಹೊತ್ತು, ಗಾಡಿಗೆ ಹಾಕಿ, ಇಬ್ಬರಿಗೂ ಕೈಮುಗಿದು ಹೊರಟ.

ನನ್ನ ಗುರುತು ಅವಳಿಗೆ ಮೊದಲೇ ಸಿಕ್ಕಿತ್ತು. ಬಾಯಿ ಸುಮ್ಮನಿರಬೇಕಲ್ಲ, ಕೇಳಿಬಿಟ್ಟೆ. "ಖಾಸಿಂಬಿ, ಈಗಾದ್ರೂ ರಾಜಿ ಏನಮ್ಮ?"

ಅವಳು ಇಕ್ಕಳದಿಂದ ಕೆಂಡ ಒತ್ತರಿಸುತ್ತ ನಕ್ಕಳು. "ಯಾವ ರಾಜಿ ಕೇಳ್ತೀರಿ ದುಭಾಷಿ ಅಣ್ಣಾರ, ನಿಮ್ಮದಾ, ಅವ್ರದಾ?" ಆಮೇಲೆ ನಗು ನಿಂತಿತು. "ಅವ್ರು ಮಾಫ್ ಮಾಡಿ ಹೋದ್ರು. ಅದು ಅವ್ರ ಕೈ. ಆ ಕೈಗೆ ಬಟ್ಟಿ ಕಟ್ಟಿದೋಳು ನಾನು, ತುತ್ತು ಇಟ್ಟೋಳು ನಾನು. ನಾ ಇನ್ನಾ ಮಾಡಿಲ್ರಿ. ಮಾಡ್ತೀನೋ ಇಲ್ಲೋ ಅದೂ ಗೊತ್ತಿಲ್ಲ."

"ಮತ್ತ ವರ್ಷಾ ವರ್ಷಾ ಅವನ ಕೊಪ್ಪರಿಗಿಗೆ ಕಲಾಯಿ ಹಾಕಿ ಕೊಡ್ತೀಯಲ್ಲಮ್ಮ?"

ನನಗೇನೂ ತಿಳಿಯುವುದಿಲ್ಲ ಎನ್ನುವಂತೆ ಅವಳು ನನ್ನ ಮುಖ ನೋಡಿದಳು.

"ಹಾಕದಿದ್ರ ಉಂಡೋರು ಸಾಯ್ತಾರಲ್ರೀ" ಅಂದಳು.

ನಮ್ಮ ಮನೆಯ ಪಾತ್ರೆಯನ್ನು ಅವಳ ಕೈಗೆ ಕೊಟ್ಟು, ತಿದಿಯ ಪಕ್ಕ ಕೂತೆ.